ಹಸಿರು ಶಾಯಿ, ನೀಲಿ ಶಾಯಿ

ನನ್ನ ಒಂಬತ್ತನೇ ಕ್ಲಾಸಿನ ಅಂಕಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಪ್ರಿನ್ಸಿಪಾಲರ ಸಹಿ ಹಸಿರು ಶಾಯಿಯಲ್ಲಿದೆ, ಪೋಷಕರ ಸಹಿ ನೀಲಿ ಶಾಯಿಯಲ್ಲಿದೆ. ಎರಡೂ ಒಬ್ಬರದೇ ಸಹಿ. ಅವರು ನನ್ನ ತಾತ.

ಅಪ್ಪ ಅಮ್ಮ ಇದ್ದ ಹಳ್ಳಿಯಲ್ಲಿ ಹೈಸ್ಕೂಲ್ ಇರಲಿಲ್ಲ. ಏಳನೇ ಕ್ಲಾಸ್ ಮುಗಿಯುತ್ತಿದ್ದ ಹಾಗೆ ಅಮ್ಮ ನನ್ನನ್ನು ಪಾಂಡವಪುರದ ಕಡೆ, ನಾಲೆ ಪಕ್ಕದ ಈ ಊರಿಗೆ ಕರೆತಂದು ತಾತನ ಮನೆಯಲ್ಲಿ ಬಿಟ್ಟಳು. ಆಗ ಇಲ್ಲಿನ ಶಾಲೆ ಹೈಸ್ಕೂಲು, ಪಿಯುಸಿ ಎರಡೂ ಒಂದೇ ಕಾಂಪೌಂಡಿನಲ್ಲಿದ್ದ ಜೂನಿಯರ್ ಕಾಲೇಜು. ತಾತ ಪ್ರಿನ್ಸಿಪಾಲರು. ಊರಿನವರಿಗೆ ಮಾತ್ರ ಕೊನೆಯವರೆಗೂ 'ಮೇಷ್ಟ್ರು'.

ಅಂಕಪಟ್ಟಿಗೆ ಸಹಿ ಹಾಕಿಸಿಕೊಳ್ಳಲು ಎಲ್ಲರ ಜೊತೆ ನಾನೂ ಆಫೀಸಿನ ಮುಂದೆ ಸಾಲಿನಲ್ಲಿ ನಿಲ್ಲುತ್ತಿದ್ದೆ. ಹಸಿರು ಶಾಯಿಯಲ್ಲಿ ಸಹಿ ಹಾಕಿ, ಎಲ್ಲರಿಗೂ ಹೇಳಿದ ಹಾಗೇ ನನಗೂ "ಮನೇಲಿ ತೋರಿಸಿ ಸಹಿ ಹಾಕಿಸ್ಕೊಂಡು ಬಾ" ಎನ್ನುತ್ತಿದ್ದರು. ಸಂಜೆ ಮನೆಗೆ ಬಂದು, ಕಾಲು ತೊಳೆದು, ಕಾಫಿ ಕುಡಿದು ಜಗಲಿ ಮೇಲೆ ಕೂತ ಮೇಲೆ ನಾನು ಅದೇ ಕಾರ್ಡನ್ನು ಅವರ ಮುಂದೆ ಹಿಡಿಯಬೇಕು. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಮೊದಲ ಸಲ ನೋಡುವವರ ಹಾಗೆ ಓದುತ್ತಿದ್ದರು.

"ಗಣಿತದಲ್ಲಿ 41 ಯಾಕೆ ಬಂತು?"

"ಬೆಳಿಗ್ಗೆ ನೋಡಿದ್ರಲ್ಲ ತಾತ."

"ಬೆಳಿಗ್ಗೆ ನೋಡಿದ್ದು ಪ್ರಿನ್ಸಿಪಾಲ್. ಅವರಿಗೆ ಅಷ್ಟೊಂದು ಮಕ್ಕಳು. ನನಗೆ ನೀನೊಬ್ಬಳೇ ಅಲ್ವಾ?"

ಅವತ್ತು ರಾತ್ರಿಯಿಂದಲೇ ಲೆಕ್ಕ ಶುರುವಾಯಿತು.

ಲೆಕ್ಕ ಅಂದರೆ ಅವರಿಗೆ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟು. ಮಳೆಗಾಲ ಬಂತೆಂದರೆ ಬೆಳಗಿನ ಬಸ್ಸಿನಲ್ಲಿ ಬರುವ ಪೇಪರ್ ನೋಡಿ ಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ಮೂರನ್ನೂ ಪ್ರಾರ್ಥನೆಗೆ ಮುಂಚೆ ಕರಿಹಲಗೆಯ ಮೇಲೆ ಬರೆಸುತ್ತಿದ್ದರು. ಗರಿಷ್ಠ ಮಟ್ಟ 124.80 ಅಡಿ. ತುಂಬಿದರೆ 49.45 ಟಿಎಂಸಿ. ಇವೆರಡೂ ನಮಗೆ ಮಗ್ಗಿಯ ಹಾಗೆ ಬಾಯಿಗೆ ಬಂದಿದ್ದವು. ಆದರೆ ಟಿಎಂಸಿ ಅಂದರೆ ಎಷ್ಟು ನೀರು ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಗಣಿತದ ಮೇಷ್ಟ್ರು ರಜೆ ಹಾಕಿದ್ದಾಗ ತಾತನೇ ನಮ್ಮ ಕ್ಲಾಸಿಗೆ ಬಂದರು. "ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ದಿನಕ್ಕೆ ಎಷ್ಟು ಸೆಕೆಂಡು, ಲೆಕ್ಕ ಹಾಕಿ" ಎಂದರು. 86,400 ಬಂತು. "ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಈಗ ಭಾಗಿಸಿ." ಇಡೀ ಕ್ಲಾಸು ತಲೆ ಬಗ್ಗಿಸಿ ಭಾಗಿಸಿತು. 11,574. ಅಷ್ಟು ಕ್ಯೂಸೆಕ್ ನೀರು ಒಂದು ಇಡೀ ದಿನ ಒಳಗೆ ಬಂದರೆ ಕಟ್ಟೆಗೆ ಒಂದು ಟಿಎಂಸಿ ಸೇರುತ್ತದೆ.

ಮಾರನೇ ದಿನದಿಂದ ಹುಡುಗರು ಹಲಗೆ ನೋಡಿ, ಕಟ್ಟೆ ತುಂಬೋಕೆ ಇನ್ನೆಷ್ಟು ದಿನ ಅಂತ ತಾವೇ ಲೆಕ್ಕ ಹಾಕಿ ಮನೆಯಲ್ಲಿ ಹೇಳತೊಡಗಿದರು. ನಾಲೆಗೆ ಯಾವಾಗ ನೀರು ಬಿಡುತ್ತಾರೆ, ಒಟ್ಲು (ಭತ್ತದ ಸಸಿಮಡಿ) ಯಾವಾಗ ಬಿಡಬೇಕು ಅಂತ ಕಾಯುತ್ತಿದ್ದ ಮನೆಗಳು ಅವು. ನಮ್ಮ ಲೆಕ್ಕವನ್ನು ದೊಡ್ಡವರು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಕಬ್ಬು ಕಡಿಯುವ ಕಾಲದಲ್ಲಿ ಹಾಜರಿ ಇಳಿಯುತ್ತಿತ್ತು. ನನ್ನ ಕ್ಲಾಸಿನ ಒಬ್ಬ ಹುಡುಗ ಎರಡು ವಾರ ಬರಲೇ ಇಲ್ಲ. ಆಲೆಮನೆಯಲ್ಲಿ ಒಲೆಗೆ ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಹಾಕುವ ಕೆಲಸಕ್ಕೆ ನಿಂತಿದ್ದ. ತಾತ ಸೈಕಲ್ ಹತ್ತಿ ಅಲ್ಲಿಗೇ ಹೋದರು. ಅವನ ಅಪ್ಪನನ್ನು ಬೈಯಲಿಲ್ಲ. ರಚ್ಚಿನ ಗುಡ್ಡೆ ಮೇಲೆ ಕೂತು, ಕೊಪ್ಪರಿಗೆಗೆ ಎಷ್ಟು ಕಬ್ಬಿನ ಹಾಲು ಹಿಡಿಯುತ್ತೆ, ಎಷ್ಟು ಅಚ್ಚು ಬೆಲ್ಲ ಇಳಿಯುತ್ತೆ ಅಂತ ಹುಡುಗನನ್ನೇ ಕೇಳಿದರಂತೆ. ಅವನು ತಟ್ಟನೆ ಹೇಳಿದ. "ನೋಡಪ್ಪ, ಲೆಕ್ಕ ಬರೋ ಹುಡುಗ. ಬೆಳಗಿನ ಜಾವ ನಿನ್ನ ಕೆಲಸಕ್ಕೆ ಇರಲಿ, ಹತ್ತು ಗಂಟೆಗೆ ನನಗೆ ಕಳಿಸು" ಎಂದು ಅವನ ಅಪ್ಪನಿಗೆ ಹೇಳಿ ಎದ್ದು ಬಂದರು. ಅವನು ಬಂದ. ಅಂಗಿಯಲ್ಲಿ ಹೊಗೆ ವಾಸನೆ ಇರುತ್ತಿತ್ತು, ಮಧ್ಯಾಹ್ನ ತೂಕಡಿಸುತ್ತಿದ್ದ. ಆದರೂ ಎಸ್ಸೆಸ್ಸೆಲ್ಸಿ ಪಾಸ್ ಮಾಡಿದ. ಈಗ ಅವರದೇ ಆಲೆಮನೆ ಇದೆ.

ನನಗೆ ತಾತನ ಮೇಲೆ ಒಂದು ಕೋಪ ಇತ್ತು, ಅದನ್ನೂ ಬರೆಯಬೇಕು. ಅವರೂ ನಾನೂ ಹೊರಡುತ್ತಿದ್ದದ್ದು ಒಂದೇ ಮನೆಯಿಂದ, ಹೋಗುತ್ತಿದ್ದದ್ದು ಒಂದೇ ಶಾಲೆಗೆ. ಅವರು ಸೈಕಲ್ ಮೇಲೆ, ನಾನು ನಡೆದುಕೊಂಡು. ಮಳೆ ಬಂದರೂ ಕ್ಯಾರಿಯರ್ ಮೇಲೆ ಕೂರಿಸಿಕೊಳ್ಳುತ್ತಿರಲಿಲ್ಲ. ಅಜ್ಜಿ ಜಗಳ ಆಡಿದರೆ, "ಮಿಕ್ಕ ಮಕ್ಕಳೂ ನಡೆದೇ ಬರ್ತಾರಲ್ವಾ" ಎನ್ನುತ್ತಿದ್ದರು. ಅವರ ಸೈಕಲ್ ನನ್ನನ್ನು ದಾಟಿ ಹೋಗುವಾಗ ನಾನು ಬೇಕಂತಲೇ ನಾಲೆ ಕಡೆ ಮುಖ ತಿರುಗಿಸುತ್ತಿದ್ದೆ.

ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ ಮೇ 31ಕ್ಕೆ ಅವರು ನಿವೃತ್ತರಾದರು. ಜೂನ್‌ನಲ್ಲಿ ಶಾಲೆ ಶುರುವಾದ ದಿನ ಬ್ಯಾಗ್ ಹಾಕಿಕೊಂಡು ಬಾಗಿಲಿಗೆ ಬಂದೆ. ತಾತ ಅಂಗಳದಲ್ಲಿ ಸೈಕಲ್ ಹಿಡಿದು ನಿಂತಿದ್ದರು. ಕ್ಯಾರಿಯರ್ ಮೇಲೆ ಹಳೇ ಟವೆಲ್ ಮಡಿಸಿ ಕಟ್ಟಿತ್ತು.

"ಹತ್ತು, ಕೂತ್ಕೋ" ಅಂದರು.

ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಲಿಲ್ಲ. ಗೇಟಿನ ಹೊರಗೇ ನನ್ನನ್ನು ಇಳಿಸಿ, ಒಳಗೆ ಒಂದು ಸಲ ನೋಡಿ, ಸೈಕಲ್ ತಿರುಗಿಸಿಕೊಂಡು ಹೋದರು.

ಆಮೇಲೂ ಜೆರಾಕ್ಸ್ ಪ್ರತಿಗಳನ್ನು ಹಿಡಿದು ಅಟೆಸ್ಟ್ ಮಾಡಿಸಲು ಜನ ಮನೆಗೆ ಬರುತ್ತಿದ್ದರು. "ಹಸಿರು ಶಾಯಿ ಶಾಲೆಯದು, ಅಲ್ಲೇ ಬಿಟ್ಟು ಬಂದೆ" ಎಂದು ಹೇಳಿ, ಚಪ್ಪಲಿ ಮೆಟ್ಟಿ, ಅವರ ಜೊತೆ ತಾವೇ ಶಾಲೆಯವರೆಗೆ ನಡೆದು ಬರುತ್ತಿದ್ದರು. ಅವರಿಗಿಂತ ಚಿಕ್ಕವರಾದ ಹೊಸ ಪ್ರಿನ್ಸಿಪಾಲರ ಮುಂದೆ ನಿಂತು "ಇವರದೊಂದು ಸಹಿ ಆಗಬೇಕಿತ್ತು, ಸರ್" ಎಂದು ಕೇಳುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ತಾತನ ತಿಥಿಯ ದಿನ ಆಲೆಮನೆಯ ಆ ಗೆಳೆಯ ಒಂದು ಬಕೆಟ್ ಅಚ್ಚು ಬೆಲ್ಲ ಹೊತ್ತು ತಂದ. ತಾತ ಯಾವತ್ತೂ ಅವನಿಂದ ಬಿಟ್ಟಿ ಬೆಲ್ಲ ತೆಗೆದುಕೊಂಡವರಲ್ಲ. "ತೂಕ ಹಾಕು, ದುಡ್ಡು ತಗೋ" ಎನ್ನುತ್ತಿದ್ದರಂತೆ. ನಾನು ಒಳಗೆ ಹೋಗಿ ದುಡ್ಡು ತಂದು ಕೊಟ್ಟೆ. ಅವನು ಬೇಡ ಅನ್ನಲಿಲ್ಲ. ಕಣ್ಣು ಒರೆಸಿಕೊಂಡು, ಎಣಿಸಿ, ಜಾಸ್ತಿ ಇದ್ದ ಇಪ್ಪತ್ತು ರೂಪಾಯಿಯನ್ನು ನನ್ನ ಕೈಗೆ ವಾಪಸ್ ಇಟ್ಟ.