ಸೀರೀಸ್ 80 ಫಲಕ: ಪ್ಲಂಜರ್ ಕೊನೆಗೂ ಸಮಯಕ್ಕೆ ಸರಿಯಾಗಿ ಏಳುತ್ತಿದೆ

ಪಿಸ್ತೂಲುಗಳ ಸುರಕ್ಷತಾ ವ್ಯವಸ್ಥೆಗಳನ್ನು ತೋರಿಸುವ ನಾಲ್ಕು ಫಲಕಗಳ ಪೈಕಿ ಅತ್ಯಂತ ಹಟಮಾರಿಯಾಗಿದ್ದ ಕೋಲ್ಟ್ ಸೀರೀಸ್ 80 ಈಗ ದಾರಿಗೆ ಬಂದಿದೆ. ಉಳಿದವುಗಳಂತೆ ಇದೂ ನಿಜವಾದ ಅಳತೆಯ ಎರಡು ಪಟ್ಟು ದೊಡ್ಡದಾದ, ಪ್ಲೈವುಡ್ ಹಲಗೆಯ ಮೇಲೆ ಪಾರದರ್ಶಕ ಅಕ್ರಿಲಿಕ್ ತುಂಡುಗಳನ್ನು ಕೂರಿಸಿದ ಚಪ್ಪಟೆ ಮಾದರಿಯಾದ್ದರಿಂದ, ದೂರದಿಂದ ನೋಡಿದವರಿಗೆ ಗೋಡೆ ಗಡಿಯಾರವನ್ನು ಬಿಚ್ಚಿಟ್ಟಂತೆ ಕಾಣುತ್ತದೆಯೇ ಹೊರತು ಆಯುಧದಂತೆ ಅಲ್ಲ. ಕತ್ತರಿಸುವಿಕೆ, ಅಂಚು ಉಜ್ಜುವಿಕೆ, ಬಣ್ಣ ಇವೆಲ್ಲ ಎಂದಿನಂತೆಯೇ ನಡೆದವು. ಅವುಗಳನ್ನು ಇಲ್ಲಿ ವಿವರಿಸುವುದಿಲ್ಲ.

ಸೀರೀಸ್ 80ರ ಮೂಲ, 1911ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿ 1911 ಎಂದೇ ಹೆಸರಾದ ಜಾನ್ ಬ್ರೌನಿಂಗ್ ವಿನ್ಯಾಸ. ಅದರಲ್ಲಿ ಹೆಬ್ಬೆರಳಿನ ಸೇಫ್ಟಿ, ಸೀರ್ (ಬಡಿಯುವ ಹ್ಯಾಮರನ್ನು ಹಿಂದಕ್ಕೆ ಹಿಡಿದಿಡುವ ಕೊಕ್ಕೆ) ಮತ್ತು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎರಡನ್ನೂ ಹಿಡಿದಿಡುತ್ತದೆ, ಹಿಡಿಕೆಯ ಹಿಂಬದಿಯ ಗ್ರಿಪ್ ಸೇಫ್ಟಿ ಟ್ರಿಗರ್ ಹಿಂದೆ ಸರಿಯದಂತೆ ತಡೆಯುತ್ತದೆ. ಆದರೆ ಪಿಸ್ತೂಲು ಮೂತಿ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದರೆ ಈ ಎರಡರಲ್ಲಿ ಒಂದೂ ಉಪಯೋಗಕ್ಕೆ ಬಾರದು. ಏಕೆಂದರೆ ಆಗ ಚಲಿಸುವುದು ಟ್ರಿಗರೂ ಅಲ್ಲ, ಹ್ಯಾಮರೂ ಅಲ್ಲ, ತನ್ನದೇ ವೇಗದಲ್ಲಿ ಮುಂದಕ್ಕೆ ನುಗ್ಗುವ ಫೈರಿಂಗ್ ಪಿನ್, ಅಂದರೆ ಗುಂಡಿನ ಹಿಂಬದಿಗೆ ಬಡಿಯುವ ಮೊಳೆ. ಅದಕ್ಕೆ ಅಡ್ಡಲಾಗಿ ಸ್ಲೈಡ್‌ನೊಳಗೆ ಒಂದು ಪ್ಲಂಜರ್ (ಸ್ಪ್ರಿಂಗ್ ಒತ್ತಿ ಹಿಡಿದ ಪುಟ್ಟ ಗೂಟ) ಇಟ್ಟು, ಟ್ರಿಗರ್ ಒತ್ತಿದಾಗ ಮಾತ್ರ ಅದು ಮೇಲೇಳುವಂತೆ ಮಾಡಿದ್ದೇ 1983ರ ಸೀರೀಸ್ 80. 1930ರ ದಶಕದ ಕೊನೆಯಲ್ಲಿ ಇದೇ ಕೆಲಸವನ್ನು ಗ್ರಿಪ್ ಸೇಫ್ಟಿಗೆ ವಹಿಸಿದ ಸ್ವಾರ್ಟ್ಜ್ ವಿನ್ಯಾಸವೂ ಬಂದಿತ್ತು, ಮತ್ತು ನನಗೆ ಅದೇ ಹೆಚ್ಚು ಇಷ್ಟ. ಟ್ರಿಗರ್‌ನ ಹೆಗಲ ಮೇಲೆ ಹೊಸ ಹೊರೆ ಬೀಳುವುದಿಲ್ಲ.

ಸೀರೀಸ್ 80ರಲ್ಲಿ ಆ ಹೊರೆ ಬಿದ್ದಿದೆ. ಟ್ರಿಗರ್ ಒಂದು ಕಡೆ ಡಿಸ್ಕನೆಕ್ಟರ್ ಎಂಬ ಕೊಂಡಿಯ ಮೂಲಕ ಸೀರನ್ನು ತಿರುಗಿಸಬೇಕು, ಇನ್ನೊಂದು ಕಡೆ ಒಂದರ ಮೇಲೊಂದು ಕೂತ ಎರಡು ಪುಟ್ಟ ಲಿವರ್‌ಗಳ ಮೂಲಕ ಪ್ಲಂಜರನ್ನು ಎತ್ತಬೇಕು, ಮತ್ತು ಎರಡನೆಯ ಕೆಲಸ ಮೊದಲನೆಯದಕ್ಕಿಂತ ಮುಂಚೆ ಮುಗಿದಿರಬೇಕು. ನನ್ನ ಫಲಕದಲ್ಲಿ ಹ್ಯಾಮರ್ ಬಂದು ಬಡಿಯುವಾಗ ಪ್ಲಂಜರ್ ಇನ್ನೂ ಅರ್ಧ ದಾರಿಯಲ್ಲಿರುತ್ತಿತ್ತು, ಪಿನ್ ಅದಕ್ಕೆ ತಗುಲಿ ಅಲ್ಲೇ ನಿಲ್ಲುತ್ತಿತ್ತು. ವಿಚಿತ್ರವೆಂದರೆ ಮನೆಗೆ ಬಂದವರು ಟ್ರಿಗರನ್ನು ರಪ್ಪನೆ ಎಳೆದಾಗ ಎಲ್ಲವೂ ಸರಾಗವಾಗಿ ನಡೆಯುತ್ತಿತ್ತು, ನಾನು ಶೂಟಿಂಗ್ ತರಬೇತಿಯಲ್ಲಿ ಹೇಳಿಕೊಡುವಂತೆ ನಿಧಾನವಾಗಿ ಒತ್ತಿದಾಗ ಮಾತ್ರ ಸಿಕ್ಕಿಕೊಳ್ಳುತ್ತಿತ್ತು. ಫೋನಿನ ಸ್ಲೋ ಮೋಷನ್‌ನಲ್ಲಿ ನೋಡಿದಾಗ ಕಾರಣ ತಿಳಿಯಿತು: ಬೆರಳು ವೇಗವಾಗಿದ್ದರೆ, ಸೀರ್ ಬಿಟ್ಟುಕೊಟ್ಟ ಮೇಲೂ ಟ್ರಿಗರ್ ಮುಂದುವರಿದು ಹ್ಯಾಮರ್ ಬೀಳುವಷ್ಟರಲ್ಲಿ ಪ್ಲಂಜರನ್ನು ಎತ್ತಿ ಮುಗಿಸುತ್ತದೆ, ಬೆರಳು ನಿಧಾನವಾಗಿದ್ದರೆ ಸೀರ್ ಬಿಟ್ಟ ಜಾಗದಲ್ಲೇ ಪ್ಲಂಜರ್ ಎಷ್ಟು ಎದ್ದಿದೆಯೋ ಅಷ್ಟೇ. ಅಂದರೆ ಅವಸರದ ಬೆರಳು ದೋಷವನ್ನು ಮುಚ್ಚಿಡುತ್ತಿತ್ತು.

ದೋಷದ ಮೂಲ ರಂಧ್ರಗಳಲ್ಲಿತ್ತು. ಲೇಸರ್‌ನಿಂದ ಕೊರೆದ ತೂತು ಒಂದು ಬದಿಯಲ್ಲಿ ತುಸು ಅಗಲ, ಇನ್ನೊಂದು ಬದಿಯಲ್ಲಿ ತುಸು ಕಿರಿದು ಎಂಬುದು ನಿಮಗೆಲ್ಲ ಗೊತ್ತಿರುವುದೇ; ಅದರ ಜೊತೆಗೆ 5 ಮಿಲಿಮೀಟರ್ ಎಂದು ಕೊಟ್ಟ ಹಾಳೆ ಒಂದು ಮೂಲೆಯಲ್ಲಿ 4.6, ಇನ್ನೊಂದು ಮೂಲೆಯಲ್ಲಿ 5.2 ಇತ್ತು. ಅಂಗಡಿಯವರನ್ನು ಕೇಳಿದ್ದಕ್ಕೆ "ಅಕ್ರಿಲಿಕ್ ಅಂದ್ರೆ ಹಂಗೇ ಸಾರ್, ಅದೇನು ಬಂಗಾರವಾ?" ಎಂಬ ಉತ್ತರ ಬಂತು, ಬೆಲೆ ಹೇಳುವಾಗ ಮಾತ್ರ ಅದು ಬಂಗಾರವೇ ಆಗಿತ್ತು. ಲಿವರ್‌ಗಳು ಪಕ್ಕಕ್ಕೆ ವಾಲುತ್ತಿದ್ದವು, ಪ್ರತಿ ತಿರುಗಣೆಯ ಸಡಿಲು ಮುಂದಿನದಕ್ಕೆ ಕೂಡಿಕೊಂಡು, ಟ್ರಿಗರ್‌ನ ಆರಂಭದ ಚಲನೆಯೆಲ್ಲ ಆ ಸಡಿಲನ್ನು ತುಂಬುವುದರಲ್ಲೇ ಕಳೆದುಹೋಗುತ್ತಿತ್ತು. ತೂತುಗಳನ್ನು ರೀಮರ್ ಎಂಬ ಕೊರೆಯುವ ಉಪಕರಣದಿಂದ ನೇರಮಾಡಿ, ಹಿತ್ತಾಳೆ ಕೊಳವೆಯ ತುಂಡುಗಳನ್ನು ಬುಷ್‌ಗಳಾಗಿ ಕೂರಿಸಿದ ಬಳಿಕ ಪ್ಲಂಜರ್ ಮೊದಲು ಪೂರ್ತಿ ಏಳುತ್ತದೆ, ಆಮೇಲೆ ಸೀರ್ ಜಾರುತ್ತದೆ. ಪ್ಲಂಜರಿನ ಸ್ಪ್ರಿಂಗ್ ಮಾತ್ರ ಇಂದಿಗೂ ಬಾಲ್‌ಪೆನ್ನಿನದೇ, ಏಕೆಂದರೆ ಸ್ಪ್ರಿಂಗ್ ಮಾರುವವರಿಗೆ ಸಾವಿರಕ್ಕಿಂತ ಕಡಿಮೆ ಕೊಡುವುದು ಗೌರವಕ್ಕೆ ಕುಂದು.

ಪಕ್ಕದಲ್ಲಿ ತೂಗುಹಾಕಿರುವ ಗ್ಲಾಕ್ 17ರ ಫಲಕ ಈ ತಲೆನೋವನ್ನೇ ಕೊಡಲಿಲ್ಲ. 1980ರ ದಶಕದ ಆರಂಭದ ಆ ಆಸ್ಟ್ರಿಯನ್ ವಿನ್ಯಾಸದಲ್ಲಿ ಒಂದೇ ಟ್ರಿಗರ್ ಬಾರ್ ಪಿನ್ನನ್ನು ಹಿಂದಕ್ಕೆ ಎಳೆಯುತ್ತದೆ, ತನ್ನ ಮೇಲಿನ ಚಾಚಿನಿಂದ ಅಡ್ಡತಡೆಯನ್ನೂ ಎತ್ತುತ್ತದೆ. ನಡುವೆ ಸಡಿಲು ಕೂಡಲು ಜಾಗವೇ ಇಲ್ಲ. ತಡೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ರಚಿಸಿದ ಯಂತ್ರಕ್ಕೂ, ಎಪ್ಪತ್ತು ವರ್ಷಗಳ ಬಳಿಕ ಸಂದಿಯಲ್ಲಿ ತುರುಕಿದ ಯಂತ್ರಕ್ಕೂ ಇರುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಚಿತ್ರದಲ್ಲಿ ಕಾಣುವುದಿಲ್ಲ. ಆದರೆ ಗ್ಲಾಕ್‌ನಲ್ಲಿ ಕೈಯಿಂದ ಹಾಕುವ ಸೇಫ್ಟಿ ಇಲ್ಲದಿರುವುದರಿಂದ, ಬಳಸುವವರ ಬೆರಳಿನ ಶಿಸ್ತೇ ಅಲ್ಲಿ ಹೊರಗಿನ ಬೀಗವಾಗಬೇಕು.

ವಾಲ್ಥರ್ ಪಿಪಿಯ ಫಲಕ ಬೇರೆಯೇ ಪಾಠ ಕಲಿಸಿತು. 1929ರ ಆ ಪಿಸ್ತೂಲಿನಲ್ಲಿ ಸ್ಲೈಡ್ ಮೇಲಿನ ಲಿವರನ್ನು ಕೆಳಗೆ ಒತ್ತಿದರೆ ಪಿನ್‌ಗೆ ಮರೆ ಬಿದ್ದು ಹ್ಯಾಮರ್ ಸುರಕ್ಷಿತವಾಗಿ ಇಳಿಯುತ್ತದೆ. 1911 ಪಿಸ್ತೂಲಿನಲ್ಲಿ ಲಿವರ್ ಕೆಳಗಿಳಿದರೆ ಪಿಸ್ತೂಲು ಹಾರಿಸಲು ಸಿದ್ಧ. ಬೆರೆಟಾ 92ಎಫ್‌ಎಸ್ ವಾಲ್ಥರ್‌ನ ದಾರಿಯಲ್ಲಿದೆ, ಸಿಗ್ ಪಿ226ರ ಲಿವರಂತೂ ಹ್ಯಾಮರ್ ಇಳಿಸಿ ಸುಮ್ಮನಾಗುತ್ತದೆ. ಕೋಲ್ಟ್ ಮತ್ತು ವಾಲ್ಥರ್ ಫಲಕಗಳಲ್ಲಿ ಕೆಂಪು ಚುಕ್ಕೆಗಳನ್ನು ಬೇರೆ ಬೇರೆ ದಿಕ್ಕಿನಲ್ಲಿ ಅಂಟಿಸುವಾಗ, ಒಂದಕ್ಕೆ ಒಗ್ಗಿದ ಹೆಬ್ಬೆರಳಿಗೆ ಇನ್ನೊಂದನ್ನು ಕೊಡುವುದರ ಅಪಾಯ ಕಣ್ಣಿಗೆ ಹೊಡೆಯುತ್ತದೆ.

ನಾಲ್ಕಕ್ಕೆ ನಿಲ್ಲಿಸುವುದಾಗಿ ಮನೆಯಲ್ಲಿ ಮಾತು ಕೊಟ್ಟಿದ್ದರೂ, ಐದನೆಯ ಫಲಕದ ರೇಖಾಚಿತ್ರ ಮೇಜಿನ ಮೇಲಿದೆ: ಬ್ರೌನಿಂಗ್ ಹೈ ಪವರ್. ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಬಳಿಕ ಬೆಲ್ಜಿಯಂನ ದ್ಯೂದೊನ್ನೆ ಸೈವ್ ಪೂರ್ಣಗೊಳಿಸಿದ ಈ ವಿನ್ಯಾಸವೇ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೇನೆಯ 9 ಎಂಎಂ ಪಿಸ್ತೂಲಾಯಿತು. ಇದರಲ್ಲಿ ಗುಂಡುಗಳಿರುವ ಮ್ಯಾಗಜೀನ್ ಹೊರತೆಗೆದರೆ ಟ್ರಿಗರ್‌ಗೂ ಸೀರ್‌ಗೂ ನಡುವಿನ ಕೊಂಡಿ ತಪ್ಪುತ್ತದೆ. ಒಳಗಿದ್ದಾಗ ಒಂದು ಪುಟ್ಟ ಭಾಗ ಮ್ಯಾಗಜೀನಿನ ಮುಖಕ್ಕೆ ಉಜ್ಜುತ್ತ ಟ್ರಿಗರನ್ನು ಒರಟಾಗಿಸುತ್ತದೆ. ಆ ಒರಟುತನವನ್ನೂ ಬೆರಳಿಗೆ ತಿಳಿಯುವಂತೆ ಮಾಡಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಉಜ್ಜುವ ಮುಖಕ್ಕೆ ಅಕ್ರಿಲಿಕ್ ಬಿಟ್ಟು ಅಲ್ಯೂಮಿನಿಯಂ ಪಟ್ಟಿ ಹಾಕಿ ನೋಡುತ್ತಿದ್ದೇನೆ.