ಚಿಕ್ಕಪ್ಪನ ತಂಬುಳಿ ಪುಟಗಳು: 2002ರ ವೆಬ್‌ಸೈಟನ್ನು ಫೋನಿಗೆ ತರುವ ಕೆಲಸ

ಸಾಗರ ಕಡೆಯ ಅಡುಗೆಗಳ ಬಗ್ಗೆ ನಮ್ಮ ಚಿಕ್ಕಪ್ಪ 2002ರಲ್ಲಿ ಒಂದು ವೆಬ್‌ಸೈಟ್ ಮಾಡಿದ್ದರು. ಒಂದೆಲಗದ ತಂಬುಳಿ, ದೊಡ್ಡಪತ್ರೆ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಮಿಡಿ ಉಪ್ಪಿನಕಾಯಿ, ಎಲ್ಲಾ ಅಜ್ಜಿ ಹೇಳಿದ್ದನ್ನು ಕೇಳಿ ಬರೆದದ್ದು. ಸೈಟ್ ಯಾವತ್ತೋ ನಿಂತುಹೋಗಿದೆ. ಕಡತಗಳು ಮಾತ್ರ ಒಂದು ಸಿಡಿಯಲ್ಲಿ ಉಳಿದಿವೆ. ಅದನ್ನು ಮತ್ತೆ ಎಲ್ಲರೂ ಓದುವ ಹಾಗೆ ಮಾಡ್ತಿದ್ದೇನೆ. ನಾನೇ ಹಾಕಿಕೊಂಡ ಶರತ್ತು ಎರಡು: ಅಡುಗೆಯ ಮಾತು ಒಂದಕ್ಷರವೂ ಬದಲಾಗಬಾರದು, ಮತ್ತು ಇನ್ನೂ ಇಪ್ಪತ್ತು ವರ್ಷ ಬಿಟ್ಟು ಯಾರೇ ತೆರೆದರೂ ಪುಟ ತೆರೆಯಬೇಕು.

ಮೊದಲ ನೋಟ

ಸಿಡಿಯಲ್ಲಿದ್ದ ಮೊದಲ ಪುಟವನ್ನು ಇವತ್ತಿನ ಫೈರ್‌ಫಾಕ್ಸ್‌ನಲ್ಲಿ ತೆರೆದೆ. ತೆರೆಯಿತು! ಮೇಲ್ಗಡೆ ಮಾರ್ಕ್ಯೂ, ಅಂದರೆ ಓಡುವ ಬರಹ, ಇನ್ನೂ ಬಲದಿಂದ ಎಡಕ್ಕೆ ಓಡುತ್ತಿದೆ. ಅಕ್ಷರ ಮಿನುಗಿಸುವ ಬ್ಲಿಂಕ್ ಮಾತ್ರ ಮಿನುಗುತ್ತಿಲ್ಲ. ಅದನ್ನು ಫೈರ್‌ಫಾಕ್ಸ್ 2013ರಲ್ಲೇ ತೆಗೆದುಹಾಕಿತು. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1991ರಲ್ಲಿ ಬರೆದಂಥ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಪುಟವನ್ನು ಇವತ್ತಿನ ಬ್ರೌಸರ್‌ಗೆ ಕೊಟ್ಟರೂ ಅದು ಓದುತ್ತದೆ. ಬೇರೆ ಯಾವ ಸಾಫ್ಟ್‌ವೇರ್‌ನಲ್ಲಿ ಇಷ್ಟು ಹಳೇ ಕಡತ ಸುಮ್ನೆ ತೆರೆದುಕೊಳ್ಳುತ್ತೆ ಹೇಳಿ? ವೆಬ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಇದಕ್ಕೆ.

ಆದರೆ ಕನ್ನಡ ಕಾಣಲಿಲ್ಲ. ಪುಟದ ತುಂಬ ವಿಚಿತ್ರ ಗುರುತುಗಳು.

ಅಕ್ಷರದ ಕೆಲಸ

ಇದಕ್ಕೇ ಜಾಸ್ತಿ ಸಮಯ ಹಿಡಿಯಿತು. ಹೇಳುವುದಕ್ಕೂ ಇಲ್ಲೇ ಜಾಸ್ತಿ ಇದೆ.

ಆ ಕಾಲದಲ್ಲಿ ಕನ್ನಡದ ಪುಟಗಳು ನಿಜವಾಗಿ ಕನ್ನಡದಲ್ಲಿ ಇರುತ್ತಿರಲಿಲ್ಲ. ಎಲ್ಲಾ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು 1991ರಲ್ಲೇ ಕೊಟ್ಟಿದ್ದರು. ಆದರೆ ಒತ್ತು, ಗುಣಿತಗಳನ್ನು ಸರಿಯಾಗಿ ಜೋಡಿಸಿ ತೋರಿಸುವುದು ಮನೆಮನೆಯ ಕಂಪ್ಯೂಟರಿಗೆ ಬಂದದ್ದು ವಿಂಡೋಸ್ ಎಕ್ಸ್‌ಪಿ ಜೊತೆಗೆ, 2001ರಲ್ಲಿ. ಎಲ್ಲರ ಹತ್ತಿರ ಎಕ್ಸ್‌ಪಿ ಇರಬೇಕಲ್ಲ? ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಬಳಸುತ್ತಿದ್ದರು. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಎರಡರಲ್ಲೂ ಅಂಥ ಫಾಂಟುಗಳಿದ್ದವು. ಚಿಕ್ಕಪ್ಪ ಬಳಸಿದ್ದು ನುಡಿ.

ಅವರ ಕಡತದಲ್ಲಿ ‘ಕನ್ನಡ’ ಎಂಬ ಪದ ಹೇಗಿದೆ ಗೊತ್ತಾ? ದೊಡ್ಡ ಪಿ, ತಲೆ ಮೇಲೆ ಓರೆಗೆರೆ ಇರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್‌ನ ಎಸ್ಸೆಟ್, ಚಿಕ್ಕ ಕ್ಯೂ, ಮತ್ತೆ ಅದೇ ಎ. ಪಿ ಅಂದರೆ ತಲೆಕಟ್ಟಿಲ್ಲದ ಕ. ಓರೆಗೆರೆಯ ಎ ಅಂದರೆ ತಲೆಕಟ್ಟು. ಎಸ್ಸೆಟ್ ಅಂದರೆ ನ ಒತ್ತು. ಅಂದರೆ ಕಂಪ್ಯೂಟರಿಗೆ ಇದು ಕನ್ನಡ ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಒಂದಿಷ್ಟು ಆಕಾರಗಳು. ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಓದಲಾಗುವುದಿಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಫ್ಟ್‌ವೇರ್ ಇದ್ದರೂ ಅದು ಪಿ, ಎ, ಪೌಂಡ್ ಅಂತಲೇ ಓದುತ್ತಿತ್ತು.

ಓದುವವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಏನು ಗತಿ? ಅದಕ್ಕೆ ಪುಟದ ಜೊತೆಗೆ ಒಂದು ಇಒಟಿ ಕಡತ ಇದೆ. ಪುಟದ ಜೊತೆ ಫಾಂಟೂ ಇಳಿಯಲಿ ಅಂತ ಮೈಕ್ರೋಸಾಫ್ಟ್ ಮಾಡಿದ ವ್ಯವಸ್ಥೆ ಅದು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ‘ಕನ್ನಡ ಕಾಣದಿದ್ದರೆ ಇಲ್ಲಿ ಒತ್ತಿ’ ಅಂತ ಇಂಗ್ಲಿಷಿನಲ್ಲಿ ಬರೆದ ಕೊಂಡಿಯೂ ಇದೆ.

ಇಂಥ ಫಾಂಟಿನ ಬರಹವನ್ನು (ಇದಕ್ಕೆ ಆಸ್ಕಿ ಅಂತಾರೆ) ಯುನಿಕೋಡ್‌ಗೆ ತರುವ ಸಿದ್ಧ ಪರಿವರ್ತಕಗಳು ಬೇಕಾದಷ್ಟಿವೆ. ಆದರೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಒಂದು ಬರೆದೆ. ಕಡತದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬೆರೆತಿವೆ. ಫಾಂಟ್ ಟ್ಯಾಗಿನೊಳಗೆ (ಫಾಂಟಿನ ಹೆಸರು ಹೇಳುವ ಎಚ್‌ಟಿಎಂಎಲ್ ಗುರುತು) ನುಡಿ ಅಂತ ಇದ್ದರೆ ಮಾತ್ರ ಬದಲಿಸಬೇಕು. ಇಲ್ಲದಿದ್ದರೆ ಚಿಕ್ಕಪ್ಪನ ಇಮೇಲ್ ವಿಳಾಸವೂ ಕನ್ನಡ ಆಗಿಬಿಡುತ್ತೆ.

ಒಂದಕ್ಕೊಂದು ಅಕ್ಷರ ಬದಲಿಸುತ್ತಾ ಹೋದರೆ ಸಾಲದು, ಕ್ರಮವೂ ಬೇರೆ. ‘ಅಕ್ಕಿ’ ತಗೊಳ್ಳಿ. ನುಡಿಯಲ್ಲಿ ಅ, ಆಮೇಲೆ ಕಿ, ಆಮೇಲೆ ಕ ಒತ್ತು. ಕಣ್ಣಿಗೆ ಕಾಣುವ ಕ್ರಮ ಅದು. ಯುನಿಕೋಡ್‌ನಲ್ಲಿ ಅ, ಕ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ಕ, ಕೊನೆಗೆ ಗುಡಿಸು. ಅಂದರೆ ಗುಡಿಸನ್ನು ಬಿಡಿಸಿ ಒತ್ತಿನ ಆಚೆ ಕೂರಿಸಬೇಕು. ‘ಅರ್ಧ’ ಇನ್ನೂ ಮಜಾ. ನುಡಿಯಲ್ಲಿ ಅರ್ಕಾವೊತ್ತು ಧ ಆದಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಅಡುಗೆ ಪುಟ ಅಂದಮೇಲೆ ಅರ್ಧ ಚಮಚ, ಅರ್ಧ ಲೋಟ ಇಲ್ಲದ ಸಾಲೇ ಇಲ್ಲ! ಈ ನಿಯಮ ಸರಿಯಾಗಿ ಕೂತ ಮೇಲೆ ಪುಟಗಳು ಒಂದಾದಮೇಲೊಂದು ಕನ್ನಡವಾಗಿ ಬಂದವು. ‘ಒಂದೆಲಗ’ ಅಂತ ಹುಡುಕಿದೆ. ಆ ಪದ ಇದ್ದ ಕಡೆಯೆಲ್ಲಾ ಹಳದಿ ಬಣ್ಣ ಬಂತು. ಆ ಬರಹವನ್ನು ಹೀಗೆ ಹುಡುಕಲು ಆದದ್ದು ಇದೇ ಮೊದಲು.

ಗುಂಡಿಗಳು

ಎಡಗಡೆಯ ಮೆನು ಪೂರ್ತಿ ಜಿಫ್ ಚಿತ್ರಗಳು. ‘ತಂಬುಳಿ’ಗೆ ಎರಡು ಚಿತ್ರ: ಒಂದು ಹಸಿರು, ಒಂದು ಕೆಂಪು. ಮೌಸ್ ಮೇಲೆ ಹೋದರೆ ಜಾವಾಸ್ಕ್ರಿಪ್ಟ್ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತದೆ. ಯಾಕೆ ಹೀಗೆ ಅಂತ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ.

“ಆಗ ಅಕ್ಷರ ನಂಬೋ ಹಾಗಿರಲಿಲ್ಲ ಕಣೋ. ಚಿತ್ರ ಆದ್ರೆ ಎಲ್ಲಾ ಕಡೆ ಒಂದೇ ಥರ ಕಾಣ್ತಿತ್ತು” ಅಂದರು.

ಆ ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲಿ ಒಂದು ಪರೀಕ್ಷೆ ಇದೆ: ‘ಡಾಕ್ಯುಮೆಂಟ್ ಡಾಟ್ ಲೇಯರ್ಸ್’ ಇದ್ದರೆ ನೆಟ್‌ಸ್ಕೇಪ್ ಬ್ರೌಸರ್, ‘ಡಾಕ್ಯುಮೆಂಟ್ ಡಾಟ್ ಆಲ್’ ಇದ್ದರೆ ಎಕ್ಸ್‌ಪ್ಲೋರರ್. ಒಂದೇ ಕೆಲಸಕ್ಕೆ ಎರಡೆರಡು ಸಲ ಬರೆಯಬೇಕಿತ್ತು. 2006ರಲ್ಲಿ ಜಾನ್ ರೆಸಿಗ್ ಜೆಕ್ವೆರಿ ಎಂಬ ಸಿದ್ಧ ಜಾವಾಸ್ಕ್ರಿಪ್ಟ್ ಸಂಗ್ರಹ ತಂದಾಗ ಜಗತ್ತೆಲ್ಲಾ ಅದನ್ನು ಅಪ್ಪಿಕೊಂಡದ್ದು ಇಂಥ ತಾಪತ್ರಯಕ್ಕೇ. ಈಗ ಬ್ರೌಸರ್‌ಗಳು ಒಂದೇ ಮಾತು ಕೇಳುತ್ತವೆ, ಜೆಕ್ವೆರಿಯೂ ಬೇಕಾಗಿಲ್ಲ. ನಾನು ಚಿತ್ರ, ಸ್ಕ್ರಿಪ್ಟ್ ಎರಡನ್ನೂ ತೆಗೆದು ಬರೀ ಕೊಂಡಿಗಳನ್ನು ಇಟ್ಟೆ. ಬಣ್ಣ ಬದಲಾಗುವುದಕ್ಕೆ, ಪುಟದ ಅಂದಚಂದ ಹೇಳುವ ಸಿಎಸ್‌ಎಸ್‌ನಲ್ಲಿ ಒಂದು ಸಾಲು ಸಾಕು.

ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಾಧನದಲ್ಲಿ ಮಾಡು ಅಂತ ಗೆಳೆಯನೊಬ್ಬ ಹೇಳಿದ. 2013ರಲ್ಲಿ ಬಂದ ಅದು ದಿನವಿಡೀ ಬದಲಾಗುವ ಪರದೆಗಳಿಗೆ ನಿಜಕ್ಕೂ ಒಳ್ಳೆಯದು, ಆಫೀಸಿನಲ್ಲಿ ನಾನೂ ಬಳಸುತ್ತೇನೆ. ಆದರೆ ಅಪ್ಪೆಹುಳಿ ಮಾಡುವ ವಿಧಾನ ಬದಲಾಗುವುದಿಲ್ಲ ಅಲ್ವಾ? ಓದಲಿಕ್ಕೆ ಇರುವ ಪುಟಕ್ಕೆ ಎಚ್‌ಟಿಎಂಎಲ್ ಸಾಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟೇಬಲ್ ಬಿಚ್ಚಿದ್ದು

ಪುಟದ ಚೌಕಟ್ಟು 760 ಪಿಕ್ಸೆಲ್ ಅಗಲದ ಟೇಬಲ್. ಅದರೊಳಗೆ ಟೇಬಲ್, ಅದರೊಳಗೆ ಇನ್ನೊಂದು. ಜಾಗ ಬಿಡಬೇಕಾದ ಕಡೆ ಒಂದು ಪಿಕ್ಸೆಲ್‌ನ ಕಣ್ಣಿಗೆ ಕಾಣದ ಜಿಫ್ ಇಟ್ಟು ಎಳೆದಿದ್ದಾರೆ. ಆಗ ಎಲ್ಲರೂ ಮಾಡುತ್ತಿದ್ದದ್ದು ಹೀಗೇ. ಹೋಕನ್ ವಿಯುಮ್ ಲೀ ಸಿಎಸ್‌ಎಸ್‌ನ ಪ್ರಸ್ತಾವ ಇಟ್ಟದ್ದು 1994ರಲ್ಲಿ, ಮೊದಲ ಆವೃತ್ತಿ ಬಂದದ್ದು 1996ರ ಡಿಸೆಂಬರ್‌ನಲ್ಲಿ. ಬ್ರೌಸರ್‌ಗಳು ಅದನ್ನು ಒಂದೊಂದು ರೀತಿ ತೋರಿಸುತ್ತಿದ್ದವು. ಟೇಬಲ್ ಮಾತ್ರ ಎಲ್ಲಾ ಕಡೆ ನಿಲ್ಲುತ್ತಿತ್ತು. ಆಮೇಲೆ ಫ್ಲೋಟ್ (ತುಂಡುಗಳನ್ನು ಎಡಕ್ಕೋ ಬಲಕ್ಕೋ ಸರಿಸುವ ಸಿಎಸ್‌ಎಸ್ ನಿಯಮ) ಹಾಕಿ ಪುಟ ಕಟ್ಟುವ ವರ್ಷಗಳು ಬಂದವು. 2010ರಲ್ಲಿ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಅಂತ ಹೆಸರಿಟ್ಟು, ಒಂದೇ ಪುಟ ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳಬೇಕು ಎಂದರು. 2017ರ ಮಾರ್ಚ್ ಒಂದೇ ತಿಂಗಳಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರರಲ್ಲೂ ಪುಟವನ್ನು ಕಂಬ (ಕಾಲಂ), ಸಾಲುಗಳಾಗಿ ಹಂಚುವ ಸಿಎಸ್‌ಎಸ್ ಗ್ರಿಡ್ ಬಂತು.

ಈಗ ಅಡುಗೆಗಳ ಪಟ್ಟಿಗೆ ನಾನು ಬರೆದ ನಿಯಮ ಒಂದೇ ಸಾಲಿನದು. ಪ್ರತಿ ಕಂಬ ಕನಿಷ್ಠ 16 ರೆಮ್ (ಪುಟದ ಮೂಲ ಅಕ್ಷರದ ಅಳತೆಯ 16 ಪಟ್ಟು) ಇರಲಿ, ಹಿಡಿಸಿದಷ್ಟು ಕಂಬ ಬರಲಿ, ಉಳಿದ ಜಾಗ ಸಮವಾಗಿ ಹಂಚಿಕೊಳ್ಳಲಿ. ಫೋನಿನಲ್ಲಿ ಒಂದು ಕಂಬ, ಲ್ಯಾಪ್‌ಟಾಪ್‌ನಲ್ಲಿ ಮೂರು ನಾಲ್ಕು. ಮೂರು ಪದರದ ಟೇಬಲ್ ಮಾಡುತ್ತಿದ್ದ ಕೆಲಸವನ್ನು ಆ ಸಾಲು ಮಾಡುತ್ತೆ, ಇನ್ನೂ ಚೆನ್ನಾಗಿ ಮಾಡುತ್ತೆ. ಜೊತೆಗೆ ವ್ಯೂಪೋರ್ಟ್ ಟ್ಯಾಗ್ ಮರೆಯುವ ಹಾಗಿಲ್ಲ. ಅದಿಲ್ಲದಿದ್ದರೆ ಫೋನು ತನ್ನ ಪರದೆ 980 ಪಿಕ್ಸೆಲ್ ಅಗಲ ಇದೆ ಅಂದುಕೊಂಡು ಎಲ್ಲವನ್ನೂ ಇರುವೆಯಷ್ಟು ಮಾಡಿ ತೋರಿಸುತ್ತದೆ.

ಕನ್ನಡಕ್ಕೆ ಸಾಲಿನ ಅಂತರ

ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಆರಿಸಿದೆ. ವೊಫ್2 ಕಡತವಾಗಿ ಪುಟದ ಜೊತೆಗೇ ಇಳಿಯುತ್ತದೆ, ಎಲ್ಲಾ ಬ್ರೌಸರ್‌ನಲ್ಲೂ ನಡೆಯುತ್ತದೆ. ಕನ್ನಡದ ಪುಟ ಮಾಡುವವರಿಗೆ ಒಂದು ಮಾತು: ಇಂಗ್ಲಿಷಿಗೆ ಅಂತ ಮಾಡಿದ ವಿನ್ಯಾಸಗಳಲ್ಲಿ ಶೀರ್ಷಿಕೆಗೆ ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.2 ಪಟ್ಟು ಇಟ್ಟಿರುತ್ತಾರೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಶೀರ್ಷಿಕೆಗೆ 1.5, ಬರಹಕ್ಕೆ 1.75 ಇಟ್ಟಿದ್ದೇನೆ. ಅಕ್ಷರಗಳ ನಡುವಿನ ಅಂತರವನ್ನು ಮುಟ್ಟಲೇಬೇಡಿ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್ ಟ್ಯಾಗಿನಲ್ಲೇ ಹೇಳಿ. ಓದಿ ಹೇಳುವ ಸಾಫ್ಟ್‌ವೇರ್ ಸರಿಯಾದ ದನಿ ಆರಿಸಿಕೊಳ್ಳುವುದು ಅದನ್ನು ನೋಡಿಯೇ.

ಫೋಟೋಗಳು

ಚಿಕ್ಕಪ್ಪನ ಫೋಟೋಗಳೆಲ್ಲಾ 200 ಪಿಕ್ಸೆಲ್ ಅಗಲ. 56 ಕಿಲೋಬಿಟ್ ಮೋಡೆಮ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 7 ಕಿಲೋಬೈಟ್ ಬರುತ್ತಿತ್ತು. 35 ಕಿಲೋಬೈಟ್ ಫೋಟೋಗೆ ಐದು ಸೆಕೆಂಡ್, ಅದೂ ಲೈನ್ ಚೆನ್ನಾಗಿದ್ದರೆ. ಓದುವವರ ದುಡ್ಡು, ಸಮಯ ಎರಡನ್ನೂ ಲೆಕ್ಕ ಹಾಕಿ ಕೆಲಸ ಮಾಡಿದ್ದಾರೆ. ಆ ಕಾಳಜಿ ನನಗೆ ತುಂಬ ಹಿಡಿಸಿತು. ಇವತ್ತಿನ ಎಷ್ಟೋ ಪುಟಗಳು ನಾಲ್ಕು ಸಾಲು ಓದಿಸಲಿಕ್ಕೆ ಮೆಗಾಬೈಟ್‌ಗಟ್ಟಲೆ ಇಳಿಸುತ್ತವೆ. ಅವರು ಮೂಲ ಪ್ರಿಂಟುಗಳನ್ನು ಇಟ್ಟುಕೊಂಡಿದ್ದರು, ಮತ್ತೆ ಸ್ಕ್ಯಾನ್ ಮಾಡಿದೆ. ಒಂದೊಂದನ್ನೂ ಬೇರೆ ಬೇರೆ ಅಳತೆಯಲ್ಲಿ ವೆಬ್‌ಪಿ ಎಂಬ ಹಗುರ ಚಿತ್ರದ ಕಡತ ಮಾಡಿ ಇಟ್ಟಿದ್ದೇನೆ. ಪರದೆಗೆ ತಕ್ಕದ್ದನ್ನು ಬ್ರೌಸರ್ ತಾನೇ ಆರಿಸುತ್ತದೆ. ಕೆಳಗಿರುವ ಫೋಟೋಗಳು ಅಲ್ಲಿಗೆ ಹೋದಾಗ ಮಾತ್ರ ಇಳಿಯುತ್ತವೆ.

ಉಳಿದದ್ದು

ಮೊದಲ ಪುಟದಲ್ಲಿ ಫ್ಲ್ಯಾಶ್‌ನಲ್ಲಿ (ಚಲಿಸುವ ಚಿತ್ರ ಮಾಡುವ ಹಳೇ ಸಾಫ್ಟ್‌ವೇರ್) ಮಾಡಿದ ಒಂದು ಬ್ಯಾನರ್ ಇದೆ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ನಿಲ್ಲಿಸಿತು. ರಫಲ್ ಎಂಬ ಎಮ್ಯುಲೇಟರ್‌ನಲ್ಲಿ ಅದನ್ನು ಓಡಿಸಿ ನೋಡಿ, ಅದೇ ಚಲನೆಯನ್ನು ಎಸ್‌ವಿಜಿ (ಗೆರೆ, ಆಕಾರಗಳಾಗಿ ಬರೆಯುವ ಚಿತ್ರ) ಮತ್ತು ಸಿಎಸ್‌ಎಸ್‌ನಲ್ಲಿ ಬರೆಯಬೇಕು. ಮಾರ್ಕ್ಯೂ ಬಗ್ಗೆ ಚಿಕ್ಕಪ್ಪನ ಜೊತೆ ಇನ್ನೂ ಮಾತು ನಡೆದಿದೆ. “ಅದೊಂದು ಇರ್ಲಿ ಬಿಡೋ” ಅಂತಾರೆ. ಓಡುವ ಅಕ್ಷರ ಓದುವುದು ವಯಸ್ಸಾದವರಿಗೆ ಕಷ್ಟ ಅಂತ ನಾನು. ನಿಲ್ಲಿಸುವ ಗುಂಡಿ ಇಟ್ಟು ಉಳಿಸಿಕೊಳ್ಳೋಣ ಅಂತ ಸದ್ಯಕ್ಕೆ ಒಪ್ಪಿಗೆಯಾಗಿದೆ. ಊರಿನ ಅಡುಗೆಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಒಮ್ಮೆ ತೆರೆದ ಪುಟ ನೆಟ್ ಇಲ್ಲದೆಯೂ ತೆರೆಯಲಿ ಅಂತ ಸರ್ವಿಸ್ ವರ್ಕರ್ ಬರೆಯಲು ಶುರು ಮಾಡಿದ್ದೇನೆ. ಅದಾದ ಮೇಲೆ ಪ್ರಿಂಟ್ ತೆಗೆಯುವವರಿಗೆ ಬೇರೆ ಸಿಎಸ್‌ಎಸ್.