ಗಾರೋ ಬೆಟ್ಟದ ಮಿಷನ್‌ಗೆ ಹೊರಟವರಿಗೆ

ನಮ್ಮ ಚಿಕ್ಕಮ್ಮ ಮೇಘಾಲಯದ ಬಾಗ್ಮಾರಾದಲ್ಲಿ ಧರ್ಮಭಗಿನಿ, ಅಲ್ಲಿನ ಮಿಷನ್ ಚಿಕಿತ್ಸಾಲಯದಲ್ಲಿ ದಾದಿ. ಬಾಗ್ಮಾರಾ ದಕ್ಷಿಣ ಗಾರೋ ಬೆಟ್ಟಗಳ ಜಿಲ್ಲಾ ಕೇಂದ್ರವಾದರೂ ಕಾಡಿನ ಊರೇ. ಸಿಮ್‌ಸಾಂಗ್ ನದಿ ಬೆಟ್ಟ ಇಳಿದು ಬಾಂಗ್ಲಾದೇಶಕ್ಕೆ ಹರಿಯುವುದು ಇಲ್ಲಿಂದಲೇ. ಕರ್ನಾಟಕದ ಅನೇಕ ಕ್ರೈಸ್ತ ಕುಟುಂಬಗಳವರು ಹೀಗೆ ಈಶಾನ್ಯದಲ್ಲಿ ಸೇವೆಯಲ್ಲಿದ್ದಾರೆ. ಅವರನ್ನು ನೋಡಲು ಹೊರಡುವವರು ಟಿಕೆಟ್ ತೆಗೆಯುವ ಮೊದಲು ಅವರ ಕೆಲಸದ ದಿನಗಳನ್ನು ಕೇಳಿಕೊಳ್ಳಬೇಕು. ಕ್ರಿಸ್‌ಮಸ್ ರಜೆ ನಮಗೆ ಅನುಕೂಲ, ಅವರಿಗೆ ಅದು ಹಳ್ಳಿ ಹಳ್ಳಿ ಸುತ್ತುವ ಕಾಲ. ಮಳೆಗಾಲದಲ್ಲಿ ರಸ್ತೆ ಕುಸಿಯುತ್ತದೆ. ನನ್ನ ಮಟ್ಟಿಗೆ ನವೆಂಬರ್ ಒಳ್ಳೆಯದು. ಗಾರೋ ಜನರ ಸುಗ್ಗಿಯ ಹಬ್ಬ ವಂಗಾಲದ ಡೋಲುಗಳೂ ಆಗಲೇ ಮೊಳಗುತ್ತವೆ.

ಬೆಂಗಳೂರಿನಿಂದ ಗುವಾಹಟಿಗೆ ವಿಮಾನದಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ಮುಂದಿನದೇ ನಿಜವಾದ ಪ್ರಯಾಣ. ಗುವಾಹಟಿಯಿಂದ ಮೆಂದಿಪಥಾರ್‌ವರೆಗೆ ರೈಲಿದೆ. 2014ರಲ್ಲಿ ಆರಂಭವಾದ ಇದು ಮೇಘಾಲಯದ ಮೊದಲ ರೈಲು ನಿಲ್ದಾಣ. ನಂತರ ಬೆಟ್ಟದ ದಾರಿ, ಹಂಚಿಕೊಂಡು ಹೋಗುವ ಸುಮೋ. ಸುಮೋಗಳು ಬೆಳಿಗ್ಗೆ ಬೇಗ ಹೊರಡುತ್ತವೆ, ಮಧ್ಯಾಹ್ನದ ಮೇಲೆ ಸಿಗುವುದು ಕಷ್ಟ. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಾಡಾನೆಗಳೂ ರಸ್ತೆ ದಾಟುತ್ತವೆ. ಕತ್ತಲಾದ ಮೇಲೆ ಪ್ರಯಾಣ ಬೇಡವೇ ಬೇಡ. ಅಗತ್ಯದ ನಗದನ್ನು ಗುವಾಹಟಿಯಲ್ಲೇ ತೆಗೆದಿಟ್ಟುಕೊಳ್ಳಿ. ಭಾರತೀಯರಿಗೆ ಮೇಘಾಲಯ ಪ್ರವೇಶಕ್ಕೆ ಪರವಾನಗಿ ಬೇಕಿಲ್ಲ, ಆದರೆ ಇದು ಗಡಿ ಪ್ರದೇಶ. ಗುರುತಿನ ಚೀಟಿ ಸದಾ ಜೊತೆಗಿರಲಿ.

ಮಲೇರಿಯಾವನ್ನು ಹಗುರವಾಗಿ ಎಣಿಸಬೇಡಿ. ಹೊರಡುವ ಮೊದಲೇ ವೈದ್ಯರನ್ನು ಕಂಡು ಮಾತನಾಡಿ, ತುಂಬುತೋಳಿನ ಬಟ್ಟೆ ಒಯ್ಯಿರಿ, ಸೊಳ್ಳೆಪರದೆಯೊಳಗೇ ಮಲಗಿ. ವಾಪಸು ಬಂದ ಮೇಲೆ ಜ್ವರ ಬಂದರೆ ಗಾರೋ ಬೆಟ್ಟಕ್ಕೆ ಹೋಗಿದ್ದುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ವಸತಿಯ ವಿಚಾರವನ್ನು ಸಂಕೋಚವಿಲ್ಲದೆ ಮೊದಲೇ ಕೇಳಿ. ಕಾನ್ವೆಂಟಿನಲ್ಲಿ ಗಂಡಸರು ತಂಗುವ ರೂಢಿ ಸಾಮಾನ್ಯವಾಗಿ ಇಲ್ಲ. ನಾನು ಫಾದರ್‌ಗಳ ಮನೆಯಲ್ಲಿದ್ದೆ, ನನ್ನ ಹೆಂಡತಿ ಚಿಕ್ಕಮ್ಮನ ಜೊತೆಗಿದ್ದಳು. ಚರ್ಚಿನಲ್ಲಿ ಬೆಳಗಿನ ಬಲಿಪೂಜೆ (ಮಾಸ್) ಮುಗಿಯುವ ಹೊತ್ತಿಗೆ ಚಿಕಿತ್ಸಾಲಯದ ಮುಂದೆ ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಂದಿರು ಕಾಯುತ್ತಿರುತ್ತಾರೆ. ಚಿಕ್ಕಮ್ಮ ಅವರೊಡನೆ ಸಲೀಸಾಗಿ ಗಾರೋ ಮಾತಾಡುವುದನ್ನು ಕೇಳಿ ನನಗೆ ಹೆಮ್ಮೆಯಾಯಿತು. ನಾವು ಬಂದಿದ್ದೇವೆಂದು ಆ ಸಾಲು ಕಾಯುವಂತಾಗಬಾರದು. ಮಾತುಕತೆಗೆ ಸಂಜೆ ಇದ್ದೇ ಇದೆ.

ಮಕ್ಕಳಿಗೆ ಮಿಠಾಯಿ, ಹಣ ಹಂಚಿ ಫೋಟೊ ತೆಗೆಯುವ ಆಸೆಯನ್ನು ಬಿಟ್ಟುಬಿಡಿ. ಕೊಡುವುದೇನಿದ್ದರೂ ಅಲ್ಲಿರುವವರನ್ನು ಕೇಳಿ, ಅವರ ಕೈಗೇ ಕೊಡಿ. ಚಿಕ್ಕಮ್ಮನಿಗೆಂದು ಕಾಫಿಪುಡಿ, ರಾಗಿಹಿಟ್ಟು, ಸಾರಿನಪುಡಿ ಒಯ್ದಿದ್ದೆವು. ಕಾಫಿಪುಡಿಯನ್ನು ಇನ್ನಷ್ಟು ಒಯ್ಯಬಹುದಿತ್ತು!

ಅಲ್ಲಿನ ಊಟದಲ್ಲಿ ಒಣಮೀನು, ಹಂದಿಮಾಂಸ ಹೆಚ್ಚು. ಒಣಮೀನಿನ ಸಾರು ನಖಾಮ್ ಬಿಚ್ಚಿ ನಾಲಿಗೆಗೆ ಚುರುಕು. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಅನ್ನ, ಬೇಳೆ, ಸೊಪ್ಪಿಗೆ ಕೊರತೆಯಿಲ್ಲ.

ಗಾರೋ ಜನರಲ್ಲಿ ಬಹುಪಾಲು ಕ್ರೈಸ್ತರು. 1863ರಲ್ಲಿ ಒಮೆದ್ ಮತ್ತು ರಾಮ್ಖೆ ಎಂಬಿಬ್ಬರು ಗುವಾಹಟಿಯಲ್ಲಿ ದೀಕ್ಷಾಸ್ನಾನ ಪಡೆದದ್ದರಿಂದ ಇಲ್ಲಿನ ಬ್ಯಾಪ್ಟಿಸ್ಟ್ ಸಭೆಯ ಚರಿತ್ರೆ ತೊಡಗುತ್ತದೆ. ಕ್ಯಾಥೊಲಿಕರ ತುರಾ ಧರ್ಮಕ್ಷೇತ್ರ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) 1973ರದ್ದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಖರೀದಿಯನ್ನು ಶನಿವಾರವೇ ಮುಗಿಸಿ. ಆಸ್ತಿ ತಾಯಿಯಿಂದ ಮಗಳಿಗೆ ಹೋಗುವ ಸಮಾಜವಿದು. ಯಾರ ಮನೆಗಾದರೂ ಹೋದರೆ ಮನೆಯೊಡತಿಯನ್ನು ಮೊದಲು ಮಾತಾಡಿಸಿ.

ಚಿಕ್ಕಮ್ಮನಿಗೆ ಬಿಡುವಿಲ್ಲದ ದಿನ ನೀವೇ ಸಿಜು ಗುಹೆ ನೋಡಿಬನ್ನಿ. ಬಾಲ್ಪಕ್ರಾಮ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸಿ, ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಳ್ಳಿ. ವಾಪಸು ಬರುವಾಗ ಬಾಗ್ಮಾರಾದಿಂದ ಹೊರಟ ದಿನವೇ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಒಂದು ರಾತ್ರಿ ಗುವಾಹಟಿಯಲ್ಲಿ ಉಳಿದು ಮರುದಿನ ಹೊರಡಿ.